ಮೋರಿ ಬಾಯಿಗೆ ಕಟ್ಟಿದ ಗೋಣಿ

ಬೆಳಿಗ್ಗೆ ಏಳಕ್ಕೆ ಅಕ್ಕನ ಕೂಗು ಕೇಳಿ ಇನ್ಸ್‌ಪೆಕ್ಟರ್ ಹಿತ್ತಲಿಗೆ ಓಡಿದ. ಹೊಸ ಕಲ್ಲುಹಾಸಿನ ಮೇಲೆ ಪಾದ ಮುಳುಗುವಷ್ಟು ಕೊಳಚೆ ನೀರು. ಸಿಂಕಿನ ಜಿಡ್ಡು, ಬಚ್ಚಲಿನ ನೊರೆ, ಎಲ್ಲವೂ ತೇಲುತ್ತಿದ್ದವು.

“ಮಧ್ಯಾಹ್ನ ನಿಮ್ಮ ಭಾವನ ಆಫೀಸಿನವರು ಬರ್ತಾರೆ ಕಣೋ! ಇಲ್ಲೇ ಕುರ್ಚಿ ಹಾಕೋಣ ಅಂತಿದ್ದೆ.”

ಆ ಹಿತ್ತಲು ಮೊದಲಿಂದಲೂ ತಲೆನೋವೇ. ಗೋಡೆಯಿಂದ ಮೂರು ಪೈಪು ಮೂರು ಎತ್ತರದಲ್ಲಿ ಇಳಿಯುತ್ತಿದ್ದವು. ಮೂರರ ನೀರೂ ಒಂದೇ ಮೋರಿ ಬಾಯಿಗೆ. ಹಿತ್ತಲಿನ ನಟ್ಟನಡುವೆ ಮೋರಿ ಶುಚಿ ಮಾಡುವ ಚೇಂಬರಿನ ಮುಚ್ಚಳ. ಕಲ್ಲು ಹಾಸಿದ ಮೇಸ್ತ್ರಿ ಪ್ರತಿ ಪೈಪಿನ ಸುತ್ತಳತೆಗೂ ರಟ್ಟು ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಕಲ್ಲು ಕೊಯ್ದಿದ್ದ. ನಾಲ್ಕು ದಿನದ ಕೆಲಸ.

ಇನ್ಸ್‌ಪೆಕ್ಟರ್ ಮೋರಿಗೆ ಸರಳು ಇಳಿಸಿದ. ತಿರುವಿನಲ್ಲಿ ‘ಟಕ್’ ಎಂದಿತು.

“ಸಿಮೆಂಟು. ಯಾರೋ ಸುರಿದಿದ್ದಾರೆ. ಯಾರ ಮೇಲೆ ಅನುಮಾನ?”

“ಇನ್ಯಾರು, ಆ ಮೇಸ್ತ್ರಿ! ಮುಚ್ಚಳ ಅಸಹ್ಯವಾಗಿ ಕಾಣುತ್ತೆ, ಅದರ ಮೇಲೂ ಕಲ್ಲು ಹಾಕು ಅಂದೆ. ಹಾಕಲ್ಲ ಅಂದ. ನಾನೂ ನಾಲ್ಕು ಮಾತು ಆಡಿದೆ. ಕಲ್ಲಿನ ಸಂದು ನಾಳೆ ತುಂಬ್ತೀನಿ ಅಂತ ನಿನ್ನೆ ಮುಖ ಊದಿಸ್ಕೊಂಡು ಹೋದ.”

ಸಂದುಗಳನ್ನು ನಿನ್ನೆ ಸಂಜೆಯೇ ಇನ್ಸ್‌ಪೆಕ್ಟರ್ ತುಂಬಿ ಮುಗಿಸಿದ್ದ. ರಜೆಗೆ ಅಕ್ಕನ ಮನೆಗೆ ಬಂದ ತಮ್ಮ ಅಷ್ಟೂ ಮಾಡದಿದ್ದರೆ ಹೇಗೆ? ಅಂಗಡಿಯಿಂದ ಬಿಳಿ ಸಿಮೆಂಟು ತಂದು ಕಲಸಿ, ಗೆರೆ ಎಳೆದಂತೆ ತುಂಬಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

“ಮೋರಿ ಬಾಯಿಗೆ ಒಂದು ಗೋಣಿಚೂರು ಬೇರೆ ಕಟ್ಟಿ ಹೋಗಿದ್ದ. ಕಸ ಅಂತ ನಾನೇ ಕಿತ್ತೆಸೆದೆ,” ಎಂದ. “ಆಗಲೇ ಮೋರಿ ಕಟ್ಟಿಕೊಳ್ಳೋ ಹಾಗೆ ಮಾಡೋ ಯೋಚನೆ ಇತ್ತು ಅವನಿಗೆ. ಅದು ಆಗಲಿಲ್ಲ, ಹಿಂದಿನ ಗೇಟಿಗೆ ಚಿಲಕ ಇಲ್ಲ. ರಾತ್ರಿ ಬಂದು ಸಿಮೆಂಟು ಸುರಿದ.”

ಇಪ್ಪತ್ತೆರಡು ವರ್ಷದ ಪೊಲೀಸ್ ಸರ್ವೀಸು. ಕೇಸು ಹತ್ತೇ ನಿಮಿಷದಲ್ಲಿ ಮುಗಿದಿತ್ತು.

* * *

ಮೇಸ್ತ್ರಿ ಅದೇ ಬೀದಿಯ ಮೂಲೆಮನೆಯಲ್ಲಿ ಸಿಕ್ಕ. ಟೀಚರಮ್ಮನ ಹಿತ್ತಲಿಗೆ ದಾರ ಕಟ್ಟಿ ಮಟ್ಟ ನೋಡುತ್ತಿದ್ದ. ಅವನ ಹೆಂಡತಿ ಬಾಂಡ್ಲಿಯಲ್ಲಿ ಮರಳು ತರುತ್ತಿದ್ದಳು.

“ಏನಯ್ಯ, ನಮ್ಮಕ್ಕನ ಮೇಲಿನ ಸಿಟ್ಟು ಮೋರಿಗೆ ಸಿಮೆಂಟು ಸುರಿದು ತೀರಿಸ್ಕೊಂಡ್ಯಾ?” ಇನ್ಸ್‌ಪೆಕ್ಟರ್ ಬೆರಳು ತೋರಿಸಿ ಗದರಿದ. ಅಕ್ಕಪಕ್ಕದವರು ಕಾಂಪೌಂಡಿನಿಂದ ಇಣುಕಿದರು.

ಮೇಸ್ತ್ರಿ ಆ ಬೆರಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಸುತ್ತ ನಿಂತವರನ್ನು ಕಂಡು ಮುಚ್ಚಿಕೊಂಡ.

“ನೀವೇ ತೀರ್ಮಾನ ಮಾಡಿದ ಮೇಲೆ ನಾನೇನು ಹೇಳ್ಲಿ ಸಾರ್?”

“ಹಾಗಿದ್ರೆ ನಮ್ಮನೆ ಕೆಲಸ ಬೇಡಪ್ಪ,” ಎಂದರು ಟೀಚರಮ್ಮ.

ಮೇಸ್ತ್ರಿ ಕಟ್ಟಿದ ದಾರ ಬಿಚ್ಚಿ ಸುತ್ತಿಕೊಂಡ. ಹೆಂಡತಿ ಬಾಂಡ್ಲಿಯ ಮರಳನ್ನು ರಾಶಿಗೇ ವಾಪಸ್ ಸುರಿದಳು.

* * *

ಪ್ಲಂಬರ್ ಬಂದು ತಿರುವು ಬಿಚ್ಚಿ, ಮುಷ್ಟಿಗಾತ್ರದ ಗಟ್ಟಿಯನ್ನು ಹೊರಗೆಳೆದ. ಸುತ್ತಿಗೆಯಿಂದ ಒಡೆದ. ಒಳಗೆ ಅಚ್ಚ ಬಿಳುಪು.

“ಇದು ಮೇಸ್ತ್ರಿ ಮಾಲಲ್ಲ ಸಾರ್. ಅವರದಾಗಿದ್ರೆ ಬೂದಿ ಬಣ್ಣ ಇರೋದು, ಮರಳಿರೋದು. ಇದು ಬಿಳಿ ಸಿಮೆಂಟು. ಯಾರೋ ಬಕೆಟ್ ತೊಳೆದು ಸುರಿದಿದ್ದಾರೆ.”

“ನೀರಲ್ಲಿ ಕೊಚ್ಚಿ ಹೋಗಲ್ವಾ?” ಇನ್ಸ್‌ಪೆಕ್ಟರ್‌ನ ದನಿ ಇಳಿದಿತ್ತು.

“ತಿರುವಲ್ಲಿ ತಳ ಹಿಡಿಯುತ್ತೆ. ಸಿಮೆಂಟು ನೀರೊಳಗೂ ಗಟ್ಟಿಯಾಗುತ್ತೆ ಸಾರ್. ಗೋಣಿ ಕಟ್ಟಿರಲಿಲ್ವಾ? ಸಂದು ತುಂಬೋವರೆಗೂ ಯಾವ ಮೇಸ್ತ್ರಿನೂ ಅದನ್ನ ಬಿಚ್ಚಲ್ಲ. ನೀರು ಸೋರಿ ಹೋಗುತ್ತೆ, ಸಿಮೆಂಟು ಮೇಲೇ ನಿಲ್ಲುತ್ತೆ.”

ಇನ್ಸ್‌ಪೆಕ್ಟರ್ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲೆಲ್ಲ ಬಿಳಿ. ಮೇಸ್ತ್ರಿ ಆ ಬೆರಳನ್ನು ಯಾಕೆ ಅಷ್ಟು ಹೊತ್ತು ನೋಡಿದ ಎಂಬುದು ಈಗ ಹೊಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದವನೂ ತಾನೇ, ಜ್ವರದ ಎತ್ತೂ ತಾನೇ.

ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು. “ಹೋಗ್ಲಿ ಬಿಡೋ. ನಾವು ನಾವೇ ಇದ್ದೀವಿ. ಹೊರಗೆ ಗೊತ್ತಾದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?”

“ಅವನ ಮರ್ಯಾದೆ ಆಗ್ಲೇ ಹೋಯ್ತಲ್ಲ ಅಕ್ಕ.”

* * *

ಗಂಡ ಹೆಂಡತಿ ಬಸ್ ಸ್ಟಾಪಿನಲ್ಲಿ ಕರಣೆ, ಮಟ್ಟಗೋಲುಗಳ ಚೀಲ ಇಟ್ಟುಕೊಂಡು ಕೂತಿದ್ದರು.

“ನಿಮಗೆ ಗೊತ್ತಿತ್ತು, ಅಲ್ವಾ?” ಬೆಳಿಗ್ಗೆಯ ‘ಏನಯ್ಯ’ ಈಗ ಇನ್ಸ್‌ಪೆಕ್ಟರ್ ಬಾಯಿಗೆ ಬರಲಿಲ್ಲ.

“ನಿಮ್ಮ ಉಗುರು ನೋಡಿದಾಗ್ಲೇ ಗೊತ್ತಾಯ್ತು ಸಾರ್.”

“ಮತ್ಯಾಕೆ ಹೇಳ್ಲಿಲ್ಲ?”

“ಅಷ್ಟು ಜನ ಸೇರಿದ್ರು. ನಿಮಗೆ ಅವಮಾನ ಆಗುತ್ತೆ ಅನ್ನಿಸ್ತು.”

ಮೇಸ್ತ್ರಿ ಬೈದಿದ್ದರೆ ಇನ್ಸ್‌ಪೆಕ್ಟರ್‌ಗೆ ಸ್ವಲ್ಪ ಹಗುರಾಗುತ್ತಿತ್ತು. ಅವನು ಅವರ ಚೀಲವನ್ನು ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡ. “ಬನ್ನಿ.”

ಮೂಲೆಮನೆಯ ಮುಂದೆ ನಿಂತು ಬೆಳಿಗ್ಗೆಯಷ್ಟೇ ಜೋರಾಗಿ ಕರೆದ. ಟೀಚರಮ್ಮ ಬಂದರು. ಕಾಂಪೌಂಡಿನ ಮೇಲೆ ಅವೇ ತಲೆಗಳು ಮೂಡಿದವು.

“ಕಳ್ಳ ಸಿಕ್ಕಿದ್ದಾನೆ. ನಾನೇ,” ಎಂದ. “ಮೋರಿಯಲ್ಲಿ ಸಿಕ್ಕಿದ್ದು ಬಿಳಿ ಸಿಮೆಂಟು. ಮೇಸ್ತ್ರಿ ತಂದಿದ್ದು ಬೂದಿ ಬಣ್ಣದ್ದು. ಬಿಳಿ ಕಲಸಿದವನು ನಾನೊಬ್ಬನೇ. ಮೋರಿ ಕಾಯಲಿ ಅಂತ ಇವರು ಕಟ್ಟಿದ ಗೋಣಿಯನ್ನ ಕಿತ್ತವನು ನಾನು. ಬಕೆಟ್ ತೊಳೆದು ಅದೇ ಮೋರಿಗೆ ಸುರಿದವನೂ ನಾನು. ಇಗೋ ನೋಡಿ ಉಗುರು. ಇವರಿಗೆ ಗೊತ್ತಿದ್ರೂ, ನನ್ನ ಮಾನ ಹೋಗ್ಬಾರ್ದು ಅಂತ ಸುಮ್ಮನಿದ್ರು. ಇವರ ಮಾನ ನಾನು ಇಲ್ಲೇ ಕಳೆದಿದ್ದೆ. ಮೇಸ್ತ್ರಿಗಳೇ, ತಪ್ಪಾಯ್ತು.”

ಟೀಚರಮ್ಮ ಗೇಟು ತೆರೆದರು.

ಮೇಸ್ತ್ರಿ ಚೀಲದಿಂದ ಗೋಣಿಯ ಒಂದು ತುಂಡು ತೆಗೆದು ಚಾಚಿದ. “ಕೆಲಸ ಶುರು ಮಾಡೋಕೆ ಮೊದ್ಲು ಇದನ್ನ ಮೋರಿಗೆ ಕಟ್ಟಬೇಕು ಸಾರ್.”

ಎಲ್ಲರೂ ನೋಡುತ್ತಿದ್ದಂತೆ ಇನ್ಸ್‌ಪೆಕ್ಟರ್ ಮೋರಿಯ ಪಕ್ಕ ಮಂಡಿಯೂರಿ ಗೋಣಿ ಕಟ್ಟಿದ. ಗಂಟು ಸಡಿಲವಾಗಿತ್ತು. ಮೇಸ್ತ್ರಿಯ ಹೆಂಡತಿ ಅದನ್ನು ಬಿಚ್ಚಿ, ಮತ್ತೆ ಕಟ್ಟಿದಳು.