ಎಣಿಕೆ ಕೋಣೆಯ ನೀರು

ಗಾಳಿಕಿಂಡಿಯಿಂದ ಒಂದು ಕೈ ಹೊರಗೆ ಚಾಚಿತ್ತು. ಕಾವಲುಗಾರ ಮೊದಲು ಕಂಡದ್ದು ಅದನ್ನೇ.

ಅಣೆಕಟ್ಟಿನ ಪಕ್ಕದಲ್ಲಿ, ನೆಲದಡಿಯಲ್ಲಿರುವ ಪುಟ್ಟ ಕೋಣೆ ಅದು. ಒಂದು ಗೋಡೆಗೆ ದಪ್ಪ ಗಾಜು. ಗಾಜಿನಾಚೆ ಮೀನಿನ ಏಣಿ. ಅಂದರೆ, ಮೊಟ್ಟೆಯಿಡಲು ನದಿಯಲ್ಲಿ ಮೇಲಕ್ಕೆ ಹೋಗುವ ಮೀನುಗಳು ಅಣೆಕಟ್ಟು ದಾಟಲೆಂದು ಕಟ್ಟಿದ ನೀರಿನ ಮೆಟ್ಟಿಲು. ಕೋಣೆಯಲ್ಲಿ ಕೂತು ಆ ಮೀನುಗಳನ್ನು ಎಣಿಸುವವರು ಜೀವಶಾಸ್ತ್ರಜ್ಞೆ, ಎಲ್ಲರ ಬಾಯಲ್ಲಿ ಮೀನಕ್ಕ. ಆ ಬೆಳಿಗ್ಗೆ ನೀರು ಗಾಜಿನ ಈಚೆಗೂ ಬಂದಿತ್ತು. ಮೀನಕ್ಕ ಮೇಜಿನ ಮೇಲೆ ಕುರ್ಚಿ ಹಾಕಿ ನಿಂತು, ಕಿಂಡಿಗೆ ಮೂಗೊತ್ತಿ ಜೀವ ಹಿಡಿದುಕೊಂಡಿದ್ದರು.

ಬಾಗಿಲು ಒದ್ದರೂ ಅಲುಗಲಿಲ್ಲ. "ಬೀಗ! ಬೀಗ ಹಾಕಿದೆ!" ಎಂದು ಯಾರೋ ಕೂಗಿದರು. ಕಿಂಡಿಯಿಂದ ಪಂಪಿನ ಕೊಳವೆ ಇಳಿಬಿಟ್ಟು ನೀರು ಎಳೆದರು. ಹೊರಗೆ ತಂದು ಮಲಗಿಸಿದ ಮೇಲೆ ಮೀನಕ್ಕನಿಗೆ ಪ್ರಜ್ಞೆ ತಪ್ಪಿತು.

ಇನ್ಸ್‌ಪೆಕ್ಟರ್ ಬಂದಾಗ ಹೊಸ್ತಿಲಲ್ಲಿ ಇನ್ನೂ ಕೆಸರಿತ್ತು. ಆಕೆ ಒಳಗೆ ಇಣುಕಿದಳು, ಅಷ್ಟೆ. ಮುಚ್ಚಿದ ಕೋಣೆ ಎಂದರೆ ಆಕೆಗೆ ಆಗದು. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತುವ ಹೆಂಗಸು.

"ಬೀಗ ಹಾಕಿತ್ತು ಮೇಡಂ," ಎಂದ ಪಕ್ಕದ ಮೀನುಮರಿ ಕೇಂದ್ರದ ಮ್ಯಾನೇಜರ್. ಪಂಪು ಕೊಟ್ಟವನೂ ಅವನೇ. "ಬಾಗಿಲಲ್ಲೇ ಕೂಡಿಸಿದ ಬೀಗ, ಕೀ ಇರೋದು ಎಂಜಿನಿಯರ್ ಹತ್ರ ಮಾತ್ರ."

"ನೀರು?"

"ಗಾಜು ತೊಳೆಯೋಕೆ ಒಂದು ಪೈಪಿದೆ. ಅದರ ಸ್ವಿಚ್ಚೂ ಅವರ ರೂಮಲ್ಲೇ. ನಿನ್ನೆ ಇಬ್ರಿಗೂ ದೊಡ್ಡ ಜಗಳ ಬೇರೆ. ರಿಪೇರಿಗೆ ಏಣಿ ಮುಚ್ಚಬೇಕು ಅಂತ ಅವ್ರು, ಮೀನು ಮೊಟ್ಟೆಯಿಡೋ ಕಾಲ, ಮುಚ್ಚೋಕೆ ಬಿಡಲ್ಲ ಅಂತ ಇವ್ರು."

ಎಂಜಿನಿಯರ್ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ" ಎಂಬ ಒಂದೇ ಉತ್ತರ.

*

ಆಸ್ಪತ್ರೆಯಲ್ಲಿ ಮೀನಕ್ಕ ಕಣ್ಣು ಬಿಟ್ಟರು. ಇನ್ಸ್‌ಪೆಕ್ಟರ್ ಮಂಚದ ಪಕ್ಕದಲ್ಲಿದ್ದಳು.

"ನೀರು ಬಂದಿದ್ದು ಯಾವಾಗ ಗೊತ್ತಾಯ್ತು?"

"ಎಣಿಸ್ತಾ ಇದ್ದೆ. ಮೀನು ಎಣಿಸೋವಾಗ ನಂಗೆ ಲೋಕ ಬೇಡ. ಮೊಣಕಾಲವರೆಗೆ ರಬ್ಬರ್ ಬೂಟು. ಬೂಟಿನೊಳಗೆ ನೀರು ತುಂಬಿದಾಗಲೇ ತಿರುಗಿ ನೋಡಿದ್ದು. ಓಡಿಹೋಗಿ ಬಾಗಿಲು ಎಳೆದೆ. ಬರಲಿಲ್ಲ."

"ಯಾಕೆ?"

ಮೀನಕ್ಕ ಗೋಡೆಯ ಕಡೆ ಹೊರಳಿದರು. "ಬೀಗ ಹಾಕಿತ್ತು. ಬೆಳಿಗ್ಗೆ ತೆಗೆದುಕೊಟ್ಟು ಹೋದವನು ಅವನೇ. ನನ್ನನ್ನ ಇಷ್ಟು ವರ್ಷ ಅಕ್ಕ ಅಂದವನು."

ವರಾಂಡಕ್ಕೆ ಬರುತ್ತಲೇ ಮೇಲಧಿಕಾರಿಯ ಫೋನು. "ಇನ್ನೇನು ಬೇಕ್ರೀ? ಸಂಜೆಯೊಳಗೆ ಒಳಗೆ ಹಾಕಿ." ಬೀಗ, ನೀರು, ಜಗಳ, ಸಂತ್ರಸ್ತೆಯ ಮಾತು, ನಾಲ್ಕೂ ಎಂಜಿನಿಯರ್ ಕಡೆಗೇ ಬೆರಳು ತೋರಿಸುತ್ತಿದ್ದವು. ಇನ್ಸ್‌ಪೆಕ್ಟರಿಗೆ ಇರಿಸುಮುರಿಸಾದದ್ದೂ ಅದಕ್ಕೇ. ಒಬ್ಬ ಮನುಷ್ಯನಿಗೆ ಹೊರಬರಲು ಒಂದು ಸಂದೂ ಉಳಿದಿರಲಿಲ್ಲ.

*

"ಕೊನೆಗೆ ಬೀಗ ಯಾರು ತೆಗೆದರು?" ಎಂದು ಆಕೆ ಕಾವಲುಗಾರನನ್ನು ಕೇಳಿದಳು.

"ಯಾರೂ ಇಲ್ಲ. ಎಂಜಿನಿಯರ್ ಸಾಹೇಬ್ರು ಆಚೆ ದಡದಿಂದ ಬರೋ ಹೊತ್ತಿಗೆ ನೀರು ಇಳಿದಿತ್ತು. ತಳ್ಳಿದೆ, ತೆರ್ಕೊಂತು."

ಇನ್ಸ್‌ಪೆಕ್ಟರ್ ಗಕ್ಕನೆ ನಿಂತಳು. ಕೀ ಬಳಸದೆ ತೆರೆದ ಬಾಗಿಲಿಗೆ ಬೀಗ ಎಲ್ಲಿತ್ತು?

ಆಕೆ ಎಂಜಿನಿಯರ್‌ನನ್ನು ಕರೆದುಕೊಂಡು ಕೋಣೆಗಿಳಿದಳು. ಬಾಗಿಲು ಮುಂದೆ ಮಾಡಿಕೊಂಡಳು, ಬೀಗವಿಲ್ಲದೆ. ಮೇಲಿದ್ದ ಕಾನ್‌ಸ್ಟೇಬಲ್ ಪೈಪು ಬಿಟ್ಟ. ನೀರು ಸುರಿಯಿತು, ನೆಲದ ತೂತಿನಿಂದ ಹಾಗೇ ಹರಿದುಹೋಯಿತು. ಪಾದವೂ ಮುಳುಗಲಿಲ್ಲ.

"ಈ ಪೈಪಿಂದ ಕೋಣೆ ತುಂಬಲ್ಲ," ಎಂದ ಎಂಜಿನಿಯರ್. ಬೆಳಗಿನಿಂದ ಅವನಾಡಿದ ಮೊದಲ ಪೂರ್ತಿ ವಾಕ್ಯ ಅದು.

"ತೂತು ಮುಚ್ಚಿ."

ಗೋಣಿಚೀಲ ತುರುಕಿದರು. ನೀರು ಏರಿತು. ಮೊಣಕಾಲು ದಾಟಿತು, ತೊಡೆಗೆ ಬಂತು. ಆಕೆ ಹಿಡಿಕೆ ಹಿಡಿದು ಎಳೆದಳು. ಬಾಗಿಲು ಜಪ್ಪೆನ್ನಲಿಲ್ಲ. ಇಬ್ಬರೂ ಎಳೆದರು. ಊಹೂಂ.

"ಒಳಕ್ಕೆ ತೆರೆಯೋ ಬಾಗಿಲು ಮೇಡಂ. ಒಳಗಿನ ನೀರು ಅದನ್ನ ಚೌಕಟ್ಟಿಗೆ ಅದುಮುತ್ತೆ. ಬೀಗವೇ ಬೇಕಾಗಿಲ್ಲ."

"ಸರಿ, ಸಾಕು. ಚೀಲ ತೆಗೀರಿ."

ಅವನು ಬಗ್ಗಿ ಎಳೆದ. ನೀರಿನ ಒತ್ತಡಕ್ಕೆ ಚೀಲವೂ ಕಚ್ಚಿ ಕೂತಿತ್ತು. ಆಕೆ ಮೇಲಕ್ಕೆ ಕೂಗಿದಳು. ಪೈಪಿನ ಸದ್ದಿನಲ್ಲಿ ಕಾನ್‌ಸ್ಟೇಬಲ್‌ಗೆ ಏನೂ ಕೇಳಿಸಲಿಲ್ಲ. ನೀರು ಸೊಂಟಕ್ಕೆ ಬಂತು. ಗೋಡೆಗಳು ಹತ್ತಿರ ಸರಿದಂತಾಯಿತು. ಸತ್ತೆ ಎಂದುಕೊಂಡಳು. ಗಾಜಿನಾಚೆ ಒಂದು ಮೀನು ಬಾಯಿ ತೆರೆದು ಮುಚ್ಚುತ್ತ ಈ ಇಬ್ಬರನ್ನು ನೋಡುತ್ತಿತ್ತು.

"ಕೈ ಕೊಡಿ ಮೇಡಂ! ಅಂಚು ಹಿಡೀರಿ, ಎತ್ತಿ!"

ಆಕೆ ಮುಳುಗಿ ಹಿಡಿದಳು. ಚೀಲ ಕಿತ್ತು ಬಂತು. ನೀರು ಗುಳುಗುಳು ಇಳಿಯಿತು. ಕೊನೆಗೆ ಬಾಗಿಲು ಎರಡು ಬೆರಳಿಗೆ ತೆರೆದುಕೊಂಡಿತು.

"ಇದನ್ನ ಬೆಳಿಗ್ಗೆಯೇ ಹೇಳೋಕೆ ಏನಾಗಿತ್ರೀ?" ಹೊಸ್ತಿಲಲ್ಲಿ ಕುಸಿದು ಕೂತ ಇನ್ಸ್‌ಪೆಕ್ಟರ್ ರೇಗಿದಳು.

"ಪ್ರಜ್ಞೆ ತಪ್ಪೋ ಮೊದಲೇ, ಬೀಗ ಹಾಕಿದ್ದು ನಾನೇ ಅಂತ ಅಕ್ಕ ಹೇಳಿದ್ರಂತೆ. ಅವರೇ ಹಾಗಂದ ಮೇಲೆ ನನ್ನ ಬುದ್ಧಿನೇ ನಿಂತುಹೋಯ್ತು." ಅವನು ಮುಖ ಒರೆಸಿಕೊಂಡ. "ತೂತಿನ ಕೆಳಗಿನ ಕೊಳವೆಗೆ ಮರಿಕೇಂದ್ರದ ತೊಟ್ಟಿ ನೀರೂ ಸೇರುತ್ತೆ. ನದಿ ಕಡೆ ಬಾಯಿಗೆ ಕಬ್ಬಿಣದ ಹಲಗೆ ಇದೆ. ಅದನ್ನ ಇಳಿಸಿ ತೊಟ್ಟಿ ಬಿಟ್ರೆ, ನೀರಿಗೆ ಇರೋ ದಾರಿ ಇದೊಂದೇ ತೂತು."

ಮೂಲೆಯ ಕೆಸರಲ್ಲಿ ಸತ್ತ ಮೀನುಮರಿಗಳಿದ್ದವು, ಜೀರಿಗೆಯಷ್ಟು ಸಣ್ಣವು.

"ಇವು ಯಾವ ಮೀನು?"

"ನಂಗೆ ಎಲ್ಲಾ ಮೀನೂ ಒಂದೇ ಮೇಡಂ. ಅಕ್ಕನ್ನೇ ಕೇಳಬೇಕು."

*

ಮೀನಕ್ಕ ಮರಿಗಳಿದ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿ ತರಿಸಿಕೊಂಡರು. ಆಮೇಲೆ ದಡಕ್ಕನೆ ಎದ್ದು ಕೂತರು.

"ಇದು ನಮ್ಮ ನದಿಯದ್ದಲ್ಲ! ಹೊರಗಿನ ಜಾತಿ. ನದಿಗೆ ಬಿಟ್ರೆ ಮಿಕ್ಕ ಮೀನುಗಳ ಮೊಟ್ಟೆ ತಿಂದು ನುಣ್ಣಗೆ ಮಾಡುತ್ತೆ. ಎಲ್ಲಿ ಸಿಕ್ತು?"

"ನಿಮ್ಮ ಕಾಲ ಬುಡದಲ್ಲಿ," ಎಂದಳು ಇನ್ಸ್‌ಪೆಕ್ಟರ್. ಆಮೇಲೆ ಬಾಗಿಲಿನ ವಿಷಯ ಹೇಳಿದಳು. ಮೀನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

*

ಮರಿಕೇಂದ್ರದ ದೊಡ್ಡ ತೊಟ್ಟಿ ಖಾಲಿಯಿತ್ತು, ಫಳಫಳ ಉಜ್ಜಿತ್ತು.

"ಯಾವ ಮರಿ ಇತ್ತು ಇದರಲ್ಲಿ?"

"ನಮ್ಮ ನದಿಯದ್ದೇ ಮೇಡಂ. ಇವತ್ತು ತೊಟ್ಟಿ ಕ್ಲೀನು," ಎಂದ ಮ್ಯಾನೇಜರ್.

ಆಕೆ ಬಾಟಲಿ ಎತ್ತಿ ತೋರಿಸಿದಳು. "ಹೊರಗಿನ ಜಾತಿಯ ಮರಿ. ಎಣಿಕೆ ಕೋಣೆಯಲ್ಲಿ ಸಿಕ್ಕಿತು."

"ಏಣಿಯಿಂದ ನುಗ್ಗಿರಬಹುದು."

"ಗಾಜು ಒಡೆದಿಲ್ಲ. ತೊಳೆಯೋ ಪೈಪಿಗೆ ಜಾಲರಿ ಇದೆ, ಅದರಿಂದ ಕೋಣೆ ತುಂಬೋದೂ ಇಲ್ಲ. ಮೀನು ಬರೋಕೆ ಉಳಿದಿರೋದು ನೆಲದ ತೂತು. ಆ ಕೊಳವೆಗೆ ಮೀನು ಬಿಡೋ ತೊಟ್ಟಿ ಇದೊಂದೇ."

"ಕ್ಲೀನ್ ಮಾಡೋದು ತಪ್ಪಾ?"

"ಕ್ಲೀನ್ ಮಾಡೋನು ನದಿ ಕಡೆ ಹಲಗೆ ತೆಗೀತಾನೆ. ನೀವು ಇಳಿಸಿದ್ರಿ. ಇಳಿಸದಿದ್ರೆ ನೀರು ನದಿಗೆ ಹೋಗ್ತಿತ್ತು, ಮೀನಕ್ಕನ ಕುತ್ತಿಗೆಗಲ್ಲ. ಹಲಗೆಯ ಚಕ್ರ ನಿಮ್ಮ ಅಂಗಳದಲ್ಲಿದೆ. ಬಾಗಿಲು ಸಿಕ್ಕಿಕೊಂಡಾಗ ಬೀಗ, ಬೀಗ ಅಂತ ಮೊದಲು ಬಾಯಿ ಬಡ್ಕೊಂಡವರೂ ನೀವೇ. ಪಾಪ, ಎಲ್ಲರೂ ನಂಬಿದ್ರು. ಒಳಗಿದ್ದವರು ಕೂಡ."

ಮ್ಯಾನೇಜರ್ ಗೇಟಿನ ಕಡೆ ನೋಡಿದ. ಅಲ್ಲಿ ಕಾನ್‌ಸ್ಟೇಬಲ್ ನಿಂತಿದ್ದ. ಮ್ಯಾನೇಜರ್ ಗೋಡೆಗೆ ಒರಗಿ ಕೂತ.

"ಬೇಗ ಬೆಳೆಯೋ ಜಾತಿ ಅಂತ ತಂದೆ. ಮರಿ ಯಾಕೋ ಬೇರೆ ಥರ ಇದೆ, ನಾಳೆ ಬಂದು ನೋಡ್ತೀನಿ ಅಂದ್ರು ಮೀನಕ್ಕ ನಿನ್ನೆ. ಗುರುತು ಹಿಡಿಯೋರು ಅವರೊಬ್ರೇ ಇದ್ರು."

"ನೀರು ಹೇಗೆ ನಡೆಯುತ್ತೆ ಅಂತ ಅವರಿಗೆ ಗೊತ್ತಿಲ್ಲ, ಮೀನು ಯಾವುದು ಅಂತ ಎಂಜಿನಿಯರ್‌ಗೆ ಗೊತ್ತಿಲ್ಲ. ಇಬ್ಬರೂ ಮಾತು ಬಿಟ್ಟಿದ್ದು ನಿಮಗೆ ಅನುಕೂಲ ಆಯ್ತು. ಉಳಿದ ಮರಿ ಎಲ್ಲಿ?"

"ಪಂಪಿನ ಗಲಾಟೆಯಲ್ಲಿ ಹಲಗೆ ಎತ್ತಿದೆ. ನದಿಗೆ ಹೋದವು."

*

ಎಂಜಿನಿಯರ್ ಒದ್ದೆ ಬಟ್ಟೆಯಲ್ಲೇ ಆಸ್ಪತ್ರೆಗೆ ಬಂದ. ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತಳು.

"ಏಣಿ ಮುಚ್ಚಿಸು," ಎಂದರು ಮೀನಕ್ಕ. "ಆ ಮರಿಗಳು ಮೇಲಕ್ಕೆ ಹತ್ತಬಾರದು. ಈ ವರ್ಷದ ಮೊಟ್ಟೆ ಹೋಯ್ತು ಅಂತಲೇ ಲೆಕ್ಕ."

"ಮುಚ್ಚಿಸಿಯೇ ಬಂದೆ."

ಮೀನಕ್ಕನ ಕಣ್ಣು ತುಂಬಿ ಬಂತು. "ನನ್ನ ಬಾಯಲ್ಲಿ ನಿನ್ನ ಹೆಸರು ಬಂತಲ್ಲೋ."

"ಬಂತು ಅಕ್ಕ." ಅವನು ಕಿಟಕಿಯಾಚೆ ನೋಡುತ್ತಿದ್ದ. "ಕೊಲೆಗಾರ ಅಂತ ಊರೆಲ್ಲ ಅಂದಿದ್ರೂ ತಡ್ಕೋತಿದ್ದೆ. ನೀವು ಅಂದ್ರಿ. ಅದನ್ನ ಮರೆಯೋಕೆ ನಂಗೆ ಇವತ್ತು ಆಗಲ್ಲ."

"ಇವತ್ತು ಬೇಡ," ಎಂದರು ಮೀನಕ್ಕ.

ಅವನು ಮಂಚದ ಪಕ್ಕದ ಸ್ಟೂಲು ಎಳೆದುಕೊಂಡು ಕೂತ. ಎದ್ದು ಹೋಗಲಿಲ್ಲ.