ವಂದನಾರ್ಪಣೆಗೆ ಕೂತವಳು

"ವಂದನಾರ್ಪಣೆ ನಿಮ್ಮದು," ಎಂದಳು ನಮಿತಾ. 2014ರ ರಾಜ್ಯೋತ್ಸವಕ್ಕೆ ನೈರೋಬಿಯ ಕನ್ನಡ ಸಂಘದಲ್ಲಿ ಅವಳೇ ನಿರೂಪಕಿ.

ತ್ರಿವಿಕ್ರಮನ ಕೈಯಲ್ಲಿದ್ದ ಚಹಾ ತುಳುಕಿತು. "ಅಯ್ಯೋ, ನನ್ನ ಬಿಟ್ಬಿಡಿ. ಮೈಕ್ ನೋಡಿದ್ರೇ ಬಾಯಿ ಒಣಗುತ್ತೆ."

"ಹೆಸರು ನೋಡಿದ್ರೆ ತ್ರಿವಿಕ್ರಮ! ಹೆದರ್ಬೇಡಿ ರೀ. ವಂದನಾರ್ಪಣೆ ಅಂದ ತಕ್ಷಣ ಎಲ್ಲರೂ ಊಟದ ಕ್ಯೂಗೆ ಓಡ್ತಾರೆ. ಕೇಳೋರೇ ಇರಲ್ಲ."

ಹುಬ್ಬೇರಿಸಿ ನಕ್ಕಳು. ಆ ನಗುವಿಗೆ ಅವನು ಇಲ್ಲ ಎನ್ನಲಾರದೆ ಹೋದ.

ಪಾಪ, ಅವನಿಗೆ ಮಾತಿನ ರೂಢಿಯಾದರೂ ಎಲ್ಲಿತ್ತು? ಬೆಂಗಳೂರಿನ ಕಂಪನಿ ಅವನನ್ನು ಇಲ್ಲಿಗೆ ಕಳಿಸಿ ಎರಡು ವರ್ಷವಾಗಿತ್ತು. ಕಸರಾನಿ ಬಡಾವಣೆಯ ಫ್ಲ್ಯಾಟ್‌ನಲ್ಲಿ ಒಬ್ಬನೇ. ಗೇಟಿನ ಕಾವಲುಗಾರ ಸ್ವಾಹಿಲಿಯಲ್ಲಿ ಏನೋ ಅಂದರೆ ಸರಿ ಅನ್ನಲು ಒಂದು 'ಸವಾ', ಮಟಾಟು ವ್ಯಾನ್ ಇಳಿಯುವಾಗ ಧನ್ಯವಾದಕ್ಕೆ ಒಂದು 'ಅಸಾಂಟೆ', ಅಷ್ಟರಲ್ಲಿ ರಜೆಯ ದಿನ ಮುಗಿಯುತ್ತಿತ್ತು. ಕುಕ್ಕರ್ ಕೂಗಿದರೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಭಾನುವಾರ ಮಾತ್ರ ನಮಿತಾ ಫೋನ್ ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ವಾರವಿಡೀ ಅವನು ಕಾಯುತ್ತಿದ್ದದ್ದು ಆ ಒಂದು ಪ್ರಶ್ನೆಗೆ. ತಾನಾಗಿ ಫೋನ್ ಮಾಡುವ ಧೈರ್ಯ ಒಮ್ಮೆಯೂ ಬರಲಿಲ್ಲ.

ಈಗ ಅವಳು ಪಾಠ ಮಾಡುತ್ತಿದ್ದ ಶಾಲೆಯ ಕಾಂಟ್ರಾಕ್ಟ್ ಮುಗಿದಿತ್ತು. ಕಾರ್ಯಕ್ರಮದ ಮರುದಿನವೇ ಮೈಸೂರಿಗೆ ಹೊರಡುವವಳು. ಹೇಳಿದರೆ ಇವತ್ತೇ ಹೇಳಬೇಕು.

ಕಾರ್ಯಕ್ರಮದ ಕೊನೆಗೆ ಅವನು ವೇದಿಕೆ ಹತ್ತಿದ. ಅವಳು ಹೇಳಿದಂತೆಯೇ ಕುರ್ಚಿಗಳು ಕಿರುಗುಟ್ಟಿದವು, ಬಿಸಿಬೇಳೆಬಾತಿನ ವಾಸನೆ ಹಿಡಿದು ಸಭೆಯೆಲ್ಲ ಹೊರನಡೆಯಿತು. ಅಧ್ಯಕ್ಷ ಡಾಕ್ಟರ್ ದ್ವಾರಕಾನಾಥರೂ ಆಗಲೇ ತಟ್ಟೆ ಹಿಡಿದಿದ್ದರು. ಮುಂದಿನ ಸಾಲಿನಲ್ಲಿ ನಮಿತಾ ಒಬ್ಬಳೇ, ಗಲ್ಲಕ್ಕೆ ಕೈಹಚ್ಚಿ ಕೂತಿದ್ದಳು. ಕಣ್ಣಲ್ಲೇ 'ಹೂಂ' ಎಂದಳು.

ಅಡುಗೆಯವರಿಗೆ, ಮೈಕ್‌ಸೆಟ್ಟಿನವರಿಗೆ ವಂದನೆ ಹೇಳುವಷ್ಟರಲ್ಲಿ ಅಂಗಿ ಬೆನ್ನಿಗಂಟಿತ್ತು. ಉಳಿದದ್ದು ನಿರೂಪಕಿಯ ಹೆಸರು.

"ನಮಿತಾ ಅವರೇ... ನಿಮಗೆ ವಂದನೆ ಹೇಳಲ್ಲ. ಹೇಳಿದ್ರೆ ಕಾರ್ಯಕ್ರಮ ಮುಗಿದ ಹಾಗೆ. ನೀವು ಹೋದ್ಮೇಲೆ ಈ ಊರಲ್ಲಿ ನನ್ನ ಊಟ ಆಯ್ತಾ ಅಂತ ಕೇಳೋರು ಯಾರೂ ಇಲ್ಲ. ನನಗೆ ನೀವು ಬೇಕು."

ಹೊರಗೆ ಸೌಟುಗಳ ಸದ್ದು ಗಕ್ಕನೆ ನಿಂತಿತು. ಅಯ್ಯೋ ದೇವರೇ, ಊಟದ ಶಾಮಿಯಾನಕ್ಕೂ ಒಂದು ಸ್ಪೀಕರ್ ಕಟ್ಟಿದ್ದರು!

ನಮಿತಾಳ ಮುಖ ಕೆಂಪೇರಿತು, ಕಣ್ಣು ತುಂಬಿ ಬಂತು. "ಎರಡು ವರ್ಷ ಏನ್ ಮಾಡ್ತಿದ್ರಿ ರೀ?" ಎಂದಳು. ಕಣ್ಣೊರೆಸಿಕೊಂಡು, "ಇನ್ಮೇಲೆ ಫೋನ್ ನೀವೇ ಮಾಡ್ಬೇಕು."

ಮರುದಿನ ಅವಳು ಹೊರಟುಹೋದಳು.

ಭಾನುವಾರ ಬಂತು. ಕುಕ್ಕರ್ ಕೂಗಿ ಸುಮ್ಮನಾಯಿತು. ಅವಳಿಲ್ಲದ ನೈರೋಬಿ ಬಿಕೋ ಎನ್ನುತ್ತಿತ್ತು. ತ್ರಿವಿಕ್ರಮ ಮೈಸೂರಿನ ನಂಬರ್ ಒತ್ತಿದ.

"ಊಟ ಆಯ್ತಾ?"

"ಆಯ್ತು. ನಿಮ್ದು?" ನಮಿತಾಳ ದನಿಯಲ್ಲಿ ನಗುವಿತ್ತು.

"ಆಮೇಲೆ. ಮೊದಲು ನಿಮ್ಮ ತಂದೆಯವರಿಗೆ ಫೋನ್ ಕೊಡಿ."

ಅವಳು ಮೆಲ್ಲಗೆ ಕೇಳಿದಳು, "ಹೆದರಿಕೆ ಆಗಲ್ವಾ?"

"ಬಾಯಿ ಒಣಗ್ತಿದೆ. ಆದ್ರೂ ಕೊಡಿ."