ಅದಿರುಗೆದ್ದಲು

ಸಂಡೂರಿನ ಗುಡ್ಡದ ಮೇಲೆ ಬೆಳಗಾಗುವಷ್ಟರಲ್ಲಿ ಮತ್ತೆ ಮೂವತ್ತು ಹುತ್ತಗಳು ಎದ್ದಿದ್ದವು, ಒಂದೊಂದೂ ಆಳೆತ್ತರ. ಡಾ. ನಳಿನಾಕ್ಷಿ ಪ್ರಯೋಗಾಲಯದಲ್ಲಿ ರೂಪಿಸಿದ ಅದಿರುಗೆದ್ದಲುಗಳ ಕೆಲಸ ಅದು. ಅವು ನೆಲದಾಳದ ಕಬ್ಬಿಣದ ಅದಿರನ್ನು ಕೊರೆದು, ಒಡಲಲ್ಲಿ ತುಂಬಿಕೊಂಡು ಬಂದು, ಮೇಲೆ ಹುತ್ತ ಕಟ್ಟುತ್ತಿದ್ದವು. ಗಣಿ ಕಂಪನಿ ಆ ಹುತ್ತವನ್ನು ಅಗೆದು ಒಯ್ದರಾಯಿತು. ಸಿಡಿಮದ್ದಿಲ್ಲ, ಕೆಂಧೂಳಿಲ್ಲ, ಒಂದು ಮರ ಕಡಿಯುವ ಪ್ರಮೇಯವೂ ಇಲ್ಲ. ಹತ್ತಿಹೊಲಗಳು ಬಹಳ ವರ್ಷಗಳ ಮೇಲೆ ಬೆಳ್ಳಗೆ ಕಂಡವು. ಲಾರಿ, ಜೆಸಿಬಿ ಓಡಿಸುತ್ತಿದ್ದವರು ಮಾತ್ರ ಗುದ್ದಲಿ ಹಿಡಿದು ಹುತ್ತ ಅಗೆಯುವ ಕೂಲಿಗೆ ಇಳಿದರು. ಅವರನ್ನು ಯಾರೂ ಕೇಳಿರಲಿಲ್ಲ.

ಕರಡಿಧಾಮದ ಕಾವಲುಗಾರ ಹುಲುಗಪ್ಪನನ್ನು ಕೇಳಿದ್ದರು. ಊರ ಸಭೆಯಲ್ಲಿ ಈ ಗೆದ್ದಲಿಗೆ ಒಪ್ಪಿ ಮೊದಲು ಕೈಯೆತ್ತಿದವನೇ ಅವನು. ಸಿಡಿತದ ಸದ್ದಿಗೆ ಕರಡಿಗಳು ಮರಿ ಬಿಟ್ಟು ಓಡುವುದನ್ನು ಇಪ್ಪತ್ತು ವರ್ಷ ನೋಡಿದವನು ಇನ್ನೇನು ತಾನೇ ಮಾಡಿಯಾನು? ಗೆದ್ದಲೆಂದರೆ ಕರಡಿಗೆ ಹಬ್ಬದೂಟ ಎಂಬುದು ಗುಡ್ಡದ ಕುರಿಗಾಹಿಗಳಿಗೆಲ್ಲ ಗೊತ್ತು. ಅಷ್ಟು ಓದಿದವರು ಅದನ್ನು ಯೋಚಿಸಿರುತ್ತಾರೆ ಬಿಡು ಎಂದುಕೊಂಡು ಅವನು ಸುಮ್ಮನಿದ್ದ. ಪಾಪ, ಓದಿದವರು ಯೋಚಿಸಿರಲಿಲ್ಲ.

ಈಗ ಅವನು ಕರೆವ್ವ ಎಂದು ಹೆಸರಿಟ್ಟಿದ್ದ ತಾಯಿಕರಡಿ ಬಂಡೆಯ ನೆರಳಲ್ಲಿ ಬಿದ್ದು ಮೂರು ದಿನವಾಗಿತ್ತು. ಹೊಟ್ಟೆ ಕಲ್ಲಾಗಿತ್ತು. ಎರಡು ಮರಿಗಳು ಅವಳ ಬೆನ್ನೇರಿ ಕುಳಿತು, ಅವ್ವ ಏಳಲೆಂದು ಕಾಯುತ್ತಿದ್ದವು.

“ಏನಾರ ಔಷಧ ಕೊಡ್ರೀ ಮೇಡಂ,” ಎಂದ ಹುಲುಗಪ್ಪ.

ನಳಿನಾಕ್ಷಿ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದರು. “ಅದಿರು ಕರುಳಲ್ಲಿ ಗಟ್ಟಿಯಾಗಿಬಿಟ್ಟಿದೆ. ತೆಗೆಯೋಕೆ ದಾರಿ ಇಲ್ಲ.”

“ಹಂಗಾರ ಗೆದ್ದಲನ್ನಾರ ನಿಲ್ಲಸ್ರಿ.”

“ಅವು ತಾವೇ ಮೊಟ್ಟೆ ಇಟ್ಟು ಬೆಳೀತಾವೆ, ಹುಲುಗಪ್ಪ. ನಿಲ್ಲಿಸೋದು ನನ್ನ ಕೈಲೂ ಇಲ್ಲ.”

“ಸಭಿಯೊಳಗ ಇದನ್ನ ಹೇಳ್ಲಿಲ್ಲಲ್ರಿ ನೀವು.”

“ಕರಡಿ ಗೆದ್ದಲು ತಿನ್ನುತ್ತೆ ಅಂತ ನೀವೂ ಹೇಳಲಿಲ್ಲ.”

ಆ ಮಾತು ಹುಲುಗಪ್ಪನ ಎದೆಗೆ ನಾಟಿತು.

ಮಧ್ಯಾಹ್ನದ ಹೊತ್ತಿಗೆ ಕರೆವ್ವನ ಉಸಿರು ನಿಂತಿತು. ಹುಲುಗಪ್ಪ ಅಳುತ್ತಲೇ ಗುಂಡಿ ತೋಡತೊಡಗಿದ. ಅರ್ಧ ತೋಡುವಷ್ಟರಲ್ಲಿ ಕಂಪನಿಯ ಅಧಿಕಾರಿ ಅದಿರುಮಾಪಕ ಹಿಡಿದು ಬಂದು, ಅದನ್ನು ಕರಡಿಯ ಮೈಮೇಲೆ ಆಡಿಸಿದ.

“ಹನ್ನೊಂದು ಕೆ.ಜಿ. ಇದೆ. ಗೆದ್ದಲು ತೆಗೆದ ಅದಿರು ಎಲ್ಲಿದ್ದರೂ ಕಂಪನಿಯದೇ ಅಂತ ಕರಾರಿದೆ. ಹೂಳೋ ಹಾಗಿಲ್ಲ.”

ಹುಲುಗಪ್ಪ ನಳಿನಾಕ್ಷಿಯವರ ಮುಖ ನೋಡಿದ. ಅವರು ನೆಲ ನೋಡುತ್ತಿದ್ದರು. ಹುತ್ತದ ಕೂಲಿಗಳು ನಾಲ್ವರು ಸೇರಿ ಕರೆವ್ವನನ್ನು ಲಾರಿಗೆ ಹೇರಿದರು.

ದಿಕ್ಕು ತೋಚದ ಮರಿಗಳು ಹುಲುಗಪ್ಪನ ಕಾಲಿಗೆ ಆತುಕೊಂಡವು. ಅಧಿಕಾರಿ ಬಗ್ಗಿ ಅವುಗಳ ಹೊಟ್ಟೆಗೂ ಮಾಪಕ ಹಿಡಿದ. ಕೆಟ್ಟ ಮನುಷ್ಯನೇನಲ್ಲ, ಒಂದರ ತಲೆ ಸವರಿದ ಕೂಡ.

“ಇವುಗಳಲ್ಲಿ ಇನ್ನೂ ಅಷ್ಟಿಲ್ಲ,” ಎಂದ. “ಒಂದು ವರ್ಷ ಚೆನ್ನಾಗಿ ನೋಡಿಕೊಳ್ಳಪ್ಪ.”